ಕಣ್ಣಿಗೆ ವಯಸ್ಸಾಯಿತು, ಕೋವಿಗೆ ರೆಡ್ ಡಾಟ್ ಹಾಕಬಹುದಾ?

ಪ್ರಶ್ನೆ: ನಮ್ಮದು ಕಾಸರಗೋಡಿನ ಮುಳ್ಳೇರಿಯ ಹತ್ತಿರ ಎರಡೂವರೆ ಎಕರೆ ಅಡಿಕೆ ತೋಟ. ಅಪ್ಪನ ಕಾಲದ 12 ಬೋರಿನ ಜೋಡುನಳಿಗೆ ಕೋವಿ ಇದೆ. ಲೈಸನ್ಸ್ ಈಗ ನನ್ನ ಹೆಸರಿನಲ್ಲಿದೆ. ಕಾಡುಹಂದಿ ಹೊಡೆಯುವವರ ಪಂಚಾಯತು ಪಟ್ಟಿಯಲ್ಲಿ ನಾನೂ ಇದ್ದೇನೆ. ವಯಸ್ಸು 58. ಇತ್ತೀಚೆಗೆ ನಳಿಗೆ ತುದಿಯ, ಗುರಿ ಹಿಡಿಯುವ ಮಣಿ ಮಸುಕು ಮಸುಕಾಗಿ ಕಾಣುತ್ತದೆ. ಬೆಂಗಳೂರಿನಲ್ಲಿರುವ ತಂಗಿಯ ಮಗ "ರೆಡ್ ಡಾಟ್ ಹಾಕಿ ಮಾವ, ಎಲ್ಲ ಸರಿಹೋಗುತ್ತದೆ" ಅನ್ನುತ್ತಾನೆ. ಕೋವಿಯ ಮೇಲೆ ಕೂರಿಸಿ, ಒಳಗೆ ಕಾಣುವ ಕೆಂಪು ಚುಕ್ಕೆಯಿಂದ ಗುರಿ ಹಿಡಿಯುವ ಸೈಟಂತೆ ಅದು. ಆನ್‌ಲೈನ್‌ನಲ್ಲಿ ನೋಡಿದರೆ 2 ಸಾವಿರದಿಂದ 40 ಸಾವಿರದವರೆಗೂ ಇದೆ. ಯಾವುದು ತೆಗೆದುಕೊಳ್ಳಲಿ? ಒಂದು ಅಂಗಡಿಯಲ್ಲಿ ಕಣ್ಣಿಟ್ಟು ನೋಡಿದೆ. ಚುಕ್ಕೆ ನಕ್ಷತ್ರದ ಹಾಗೆ ಕಂಡಿತು. ಮಾಲು ಹಾಳಾಗಿತ್ತಾ? ಮಗಳು 10 ಮೀಟರ್ ಏರ್ ರೈಫಲ್ ಕಲಿಯುತ್ತಿದ್ದಾಳೆ. ಅವಳ ರೈಫಲಿಗೂ ಇದನ್ನೇ ಹಾಕಬಹುದಾ?

ಉತ್ತರ: ಆ ನಕ್ಷತ್ರದಿಂದಲೇ ಶುರು ಮಾಡೋಣ. ದುಡ್ಡು ಕೊಡುವ ಮುಂಚೆ ತೀರ್ಮಾನ ಆಗಬೇಕಾದದ್ದು ಅದೇ.

ಇನ್ನೊಮ್ಮೆ ಅಂಗಡಿಗೆ ಹೋದಾಗ ಹೀಗೆ ಮಾಡಿ. ಸೈಟನ್ನು ಮೇಜಿನ ಮೇಲೆ ಅಲ್ಲಾಡದ ಹಾಗೆ ಇಡಿ. ನಿಮ್ಮ ಕಣ್ಣು ಇರಬೇಕಾದ ಜಾಗದಲ್ಲಿ ಮೊಬೈಲ್ ಕ್ಯಾಮೆರಾ ಹಿಡಿದು ಒಂದು ಫೋಟೋ ತೆಗೆಯಿರಿ. ಫೋಟೋದಲ್ಲಿ ಚುಕ್ಕೆ ದುಂಡಗಿದ್ದರೆ ಮಾಲು ಸರಿ ಇದೆ, ಕಣ್ಣು ಸರಿ ಇಲ್ಲ. ಇನ್ನೂ ಅನುಮಾನ ಇದ್ದರೆ ಸೈಟನ್ನು ಕೈಯಲ್ಲಿ ಹಿಡಿದು, ಅದರೊಳಗೆ ನೋಡುತ್ತಲೇ ಗಡಿಯಾರದ ಮುಳ್ಳಿನ ಹಾಗೆ ನಿಧಾನ ತಿರುಗಿಸಿ. ಚುಕ್ಕೆಯ ಬಾಲ ಸೈಟಿನ ಜತೆ ತಿರುಗಿದರೆ ಸೈಟಿನ ದೋಷ. ಬಾಲ ಇದ್ದಲ್ಲೇ ಇದ್ದರೆ ಅದು ನಿಮ್ಮದು.

ಇದಕ್ಕೆ ಅಸ್ಟಿಗ್ಮ್ಯಾಟಿಸಂ ಅನ್ನುತ್ತಾರೆ. ಕನ್ನಡಕದ ಚೀಟಿಯಲ್ಲಿ ಸಿಲಿಂಡರ್ ಅಂತ ಒಂದು ಕಾಲಂ ಇರುತ್ತದಲ್ಲ, ಅದೇ. ಕಣ್ಣಿನ ಮುಂದಿನ ಪಾರದರ್ಶಕ ಪದರ (ಕಾರ್ನಿಯಾ) ಚೆಂಡಿನ ಹಾಗೆ ಒಂದೇ ಸಮ ದುಂಡಗಿರದೆ ಒಂದು ಕಡೆ ಜಾಸ್ತಿ ಬಾಗಿರುತ್ತದೆ. ಹಗಲಿನಲ್ಲಿ ಅಷ್ಟು ಗೊತ್ತಾಗುವುದಿಲ್ಲ. ಕತ್ತಲೆಯಲ್ಲಿ ಒಂದು ಪುಟ್ಟ ಬೆಳಕಿನ ಚುಕ್ಕೆ ನೋಡಿದಾಗ ಅದು ಹರಡಿ ನಕ್ಷತ್ರ ಆಗುತ್ತದೆ, ಅಲ್ಪವಿರಾಮ ಆಗುತ್ತದೆ, ಕೆಲವರಿಗೆ ದ್ರಾಕ್ಷಿ ಗೊಂಚಲೂ ಆಗುತ್ತದೆ. ನನಗೆ ಕಾಣುವುದು ಮಲಗಿದ ಅಲ್ಪವಿರಾಮ. ಸೈನ್ಯದಲ್ಲಿ ಆರ್ಮರರ್ ಆಗಿ ಇಷ್ಟು ವರ್ಷ ಕೋವಿ ಬಿಚ್ಚಿ ಜೋಡಿಸಿದವನು ನಾನು. ಆದರೂ ಇದು ನನ್ನ ಕಣ್ಣಿನ ಕಥೆ ಅಂತ ಹೊಳೆಯುವ ಮುಂಚೆ ಎರಡು ಒಳ್ಳೆಯ ಸೈಟುಗಳನ್ನು "ಡಿಫೆಕ್ಟ್" ಅಂತ ವಾಪಸು ಕಳಿಸಿದ್ದೆ. ಅಂಗಡಿಯವರು ಪಾಪ ಏನೂ ಅನ್ನಲಿಲ್ಲ.

ಮದ್ದು ಸುಲಭ. ದೂರದ ನೋಟಕ್ಕೆ ಸಿಲಿಂಡರ್ ಪವರ್ ಸೇರಿಸಿದ ಕನ್ನಡಕ ಮಾಡಿಸಿ, ಅದನ್ನು ಹಾಕಿಕೊಂಡು ನೋಡಿ. ಪೇಪರ್ ಓದುವ ಕನ್ನಡಕ ಅಲ್ಲ, ದೂರದ್ದು. ಚುಕ್ಕೆಯ ಬೆಳಕನ್ನೂ ಎರಡು ಮೆಟ್ಟಿಲು ಇಳಿಸಿ. ನಕ್ಷತ್ರದ ಕೊಂಬುಗಳು ಅರ್ಧಕ್ಕರ್ಧ ಅಲ್ಲೇ ಮಾಯವಾಗುತ್ತವೆ.

ಇಷ್ಟು ಮಾಡಿಯೂ ಚುಕ್ಕೆ ಕೂಡಿ ಬರದಿದ್ದರೆ ಪ್ರಿಸಮ್ ಸೈಟ್ ಅಂತ ಬೇರೆ ಜಾತಿ ಇದೆ. ಅದರಲ್ಲಿ ಗುರಿಯ ಗುರುತನ್ನು ಗಾಜಿನ ಮೇಲೇ ಕೊರೆದಿರುತ್ತಾರೆ, ಕಣ್ಣಿಗೆ ತಕ್ಕ ಹಾಗೆ ಫೋಕಸ್ ತಿರುಗಿಸಬಹುದು. ಆದರೆ ಅದಕ್ಕೆ ಕಣ್ಣನ್ನು ಹತ್ತಿರ ತಂದು ಒಂದೇ ಅಂತರದಲ್ಲಿ ಇಡಬೇಕು. 12 ಬೋರು ಹಿಂದೆ ಒದೆಯುವ ಒದೆತ ನಿಮಗೆ ಗೊತ್ತೇ ಇದೆ. ಹುಬ್ಬು ಒಡೆಯುತ್ತದೆ ಮಾರಾಯ್ರೇ. ನಿಮ್ಮ ಕೋವಿಗೆ ಅದು ಬೇಡ.

ಇನ್ನು ಈ ವಸ್ತು ಏನು ಅಂತ. ಇಲ್ಲಿ ಸುಮಾರು ಜನ ಲೇಸರನ್ನೂ ರೆಡ್ ಡಾಟನ್ನೂ ಒಂದೇ ಅಂದುಕೊಂಡಿದ್ದಾರೆ. ಲೇಸರ್ ಹಂದಿಯ ಮೈಮೇಲೆ ಕೆಂಪು ಚುಕ್ಕೆ ಬೀಳಿಸುತ್ತದೆ. ರೆಡ್ ಡಾಟ್ ಏನನ್ನೂ ಹೊರಗೆ ಬಿಡುವುದಿಲ್ಲ. ಒಳಗೆ ಒಂದು ಸಣ್ಣ ಎಲ್‌ಇಡಿ ಇದೆ. ಅದರ ಬೆಳಕು ಮುಂದಿನ ಬಾಗಿದ ಗಾಜಿಗೆ ಬಡಿದು ನಿಮ್ಮ ಕಣ್ಣಿಗೆ ವಾಪಸು ಬರುತ್ತದೆ. ಆ ಗಾಜಿಗೆ ಕೆಂಪನ್ನು ಮಾತ್ರ ಹಿಂದಕ್ಕೆ ತಳ್ಳುವ ತೆಳು ಲೇಪ ಇರುತ್ತದೆ. ಉಳಿದ ಬಣ್ಣಗಳು ದಾಟಿ ಬರುತ್ತವೆ. ಹಾಗಾಗಿ ನೀವು ತೋಟವನ್ನೂ ನೋಡುತ್ತೀರಿ, ಅದರ ಮೇಲೆ ತೇಲುವ ಚುಕ್ಕೆಯನ್ನೂ ನೋಡುತ್ತೀರಿ.

ಮುಖ್ಯ ಗುಟ್ಟು ಗಾಜಿನ ಆ ಬಾಗಿನಲ್ಲಿದೆ. ಬೆಳಕಿನ ಗೆರೆಗಳು ಒಂದಕ್ಕೊಂದು ಸಮಾನಾಂತರವಾಗಿ ಕಣ್ಣಿಗೆ ಬರುವುದರಿಂದ ಚುಕ್ಕೆ ಬಹಳ ದೂರದಲ್ಲಿ, ಎದುರಿನ ಗುಡ್ಡೆಯಾಚೆ ಇದ್ದ ಹಾಗೆ ಕಾಣುತ್ತದೆ. ನಿಮ್ಮ ತೊಂದರೆಗೆ ಇದೇ ಪರಿಹಾರ. ಮಣಿ ಇಟ್ಟು ಗುರಿ ಹಿಡಿಯುವಾಗ ಕಣ್ಣು ಒಮ್ಮೆ ಒಂದು ಮೀಟರ್ ದೂರದ ಮಣಿಗೆ, ಒಮ್ಮೆ 30 ಮೀಟರ್ ದೂರದ ಹಂದಿಗೆ ಫೋಕಸ್ ಮಾಡುತ್ತಿರಬೇಕು. ಇಪ್ಪತ್ತರ ಹುಡುಗನ ಕಣ್ಣು ಇದನ್ನು ಗೊತ್ತಿಲ್ಲದೆಯೇ ಮಾಡಿಬಿಡುತ್ತದೆ. ನಮ್ಮ ನಿಮ್ಮ ಕಣ್ಣಿನ ಮಸೂರ ಗಟ್ಟಿಯಾಗಿದೆ, ಅದಕ್ಕಾಗುವುದಿಲ್ಲ. ರೆಡ್ ಡಾಟಿನಲ್ಲಿ ಹಂದಿಯೂ ದೂರ, ಚುಕ್ಕೆಯೂ ದೂರ. ಎರಡೂ ಕಣ್ಣು ಬಿಟ್ಟು ಹಂದಿಯನ್ನೇ ನೋಡಿ. ಚುಕ್ಕೆ ತಾನಾಗಿ ಬಂದು ಅದರ ಮೇಲೆ ಕೂರುತ್ತದೆ. ಹೊಸಬರು ಚುಕ್ಕೆಯನ್ನು ನೋಡುತ್ತಾ ನಿಲ್ಲುತ್ತಾರೆ. ಅದು ತಪ್ಪು.

ಇದು ಹೊಸ ಬುದ್ಧಿಯೂ ಅಲ್ಲ. ಡಬ್ಲಿನ್ನಿನ ಹೊವರ್ಡ್ ಗ್ರಬ್ ಅನ್ನುವವರು 1900ರಲ್ಲೇ ಇದರ ಪೇಟೆಂಟ್ ತೆಗೆದುಕೊಂಡರು. ಅವರದ್ದು ದೂರದರ್ಶಕ ಮಾಡುವ ಮನೆತನ. ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದ 15 ಇಂಚಿನ ದೂರದರ್ಶಕವೂ ಗ್ರಬ್ ಅವರದ್ದೇ. ಎರಡನೇ ಮಹಾಯುದ್ಧದ ವಿಮಾನಗಳಲ್ಲಿ ಈ ಸೈಟು ಧಾರಾಳ ಬಳಕೆಯಾಯಿತು. ಕೈಕೋವಿಗಳಲ್ಲಿ ಇದು ಹೆಚ್ಚು ಬಳಕೆಗೆ ಬಂದದ್ದು ಸಣ್ಣ ಬ್ಯಾಟರಿ, ಎಲ್‌ಇಡಿ ಬಂದ ಮೇಲೆ. 1975ರಲ್ಲಿ ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪನಿ ಎಲೆಕ್ಟ್ರಾನಿಕ್ ರೆಡ್ ಡಾಟನ್ನು ಮಾರುಕಟ್ಟೆಗೆ ತಂದಿತು.

ಈಗ ಆರಿಸುವ ವಿಷಯ. ಅಂಗಡಿಯವರು ಹೇಳುವ ಹತ್ತು ಗುಣಗಳಲ್ಲಿ ನಮ್ಮ ಊರಿಗೆ ಮುಖ್ಯವಾದದ್ದು ಒಂದು: ಮುಚ್ಚಿದ್ದಾ, ತೆರೆದದ್ದಾ?

ತೆರೆದದ್ದು ಅಂದರೆ ಒಂದೇ ಗಾಜಿನ ಕಿಟಕಿ. ಎಲ್‌ಇಡಿ ಹಿಂದೆ ಬಯಲಿನಲ್ಲಿ ಕೂತಿರುತ್ತದೆ. ಹಗುರ, ಚಂದ, ಬೆಲೆಯೂ ಕಡಿಮೆ. ಮುಚ್ಚಿದ್ದು ಅಂದರೆ ಮುಂದೆ ಹಿಂದೆ ಎರಡೂ ಕಡೆ ಗಾಜು ಇರುವ ಡಬ್ಬಿ ಅಥವಾ ಕೊಳವೆ. ರಾಜಸ್ಥಾನದಲ್ಲಿದ್ದಿದ್ದರೆ ಯಾವುದಾದರೂ ತೆಗೆದುಕೊಳ್ಳಿ ಅನ್ನುತ್ತಿದ್ದೆ. ಕಾಸರಗೋಡಿನಲ್ಲಿ ವರ್ಷಕ್ಕೆ 3500 ಮಿಲಿಮೀಟರ್ ಸುಮಾರು ಮಳೆ. ಒಂದು ಆಟಿ ತಿಂಗಳ ರಾತ್ರಿ ನನ್ನ ಕೈಯಲ್ಲಿ ತೆರೆದ ಸೈಟಿತ್ತು. ಮಳೆ ನಿಂತಿತ್ತು, ಮರದ ಹನಿ ನಿಂತಿರಲಿಲ್ಲ. ಹಂದಿ ಬಂದದ್ದು ಸದ್ದಿನಲ್ಲೇ ಗೊತ್ತಾಯಿತು. ಕೋವಿ ಎತ್ತಿ ನೋಡುತ್ತೇನೆ, ಒಂದು ಚುಕ್ಕೆ ಇದ್ದಲ್ಲಿ ಮೂರು! ಎಲ್‌ಇಡಿಯ ಕಣ್ಣಿನ ಮೇಲೆ ಒಂದು ಹನಿ ಕೂತಿತ್ತು, ಅಷ್ಟೇ. ಬೆರಳು ಹಾಕಿ ಒರೆಸಲು ಹೋದರೆ ಇನ್ನಷ್ಟು ಮೆತ್ತಿಕೊಂಡಿತು. ಈಡು ಬಿಡದೆ ಕೋವಿ ಇಳಿಸಿದೆ. ಮರುವಾರ ಆ ಸೈಟನ್ನು ಬಿಸಿಲೂರಿನ ಗೆಳೆಯರೊಬ್ಬರಿಗೆ ಕೊಟ್ಟುಬಿಟ್ಟೆ.

ಹಾಗಾಗಿ ಮುಚ್ಚಿದ್ದೇ ತೆಗೆದುಕೊಳ್ಳಿ. ಒಳಗೆ ಹವೆ ಹೋಗದ ಹಾಗೆ ಸೀಲ್ ಮಾಡಿ ನೈಟ್ರೋಜನ್ ತುಂಬಿದ್ದಾದರೆ ಒಳಗಾಜು ಬೆವರುವುದಿಲ್ಲ. ನಮ್ಮ ಕಡೆ ಗಾಜಿಗೆ ಬೂಷ್ಟು ಹಿಡಿಯುವುದು ದೊಡ್ಡ ಕಾಟ. ಹಳೆಯ ಕ್ಯಾಮೆರಾ ಇದ್ದವರಿಗೆ ಗೊತ್ತು. ಕೆಲಸ ಮುಗಿದ ಮೇಲೆ ಒರೆಸಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಡಬ್ಬಿಯಲ್ಲಿಡಿ. ಅಡಿಕೆಗೆ ಬೋರ್ಡೋ ಮದ್ದು ಬಿಡುವ ದಿನ ಕೋವಿಯನ್ನು ತೋಟದ ಶೆಡ್ಡಿನಲ್ಲಿ ನೇತು ಹಾಕಬೇಡಿ. ಅದರಲ್ಲಿರುವ ಮೈಲುತುತ್ತು ಸೈಟಿನ ಅಲ್ಯೂಮಿನಿಯಂ ಮೈಯನ್ನು ತಿನ್ನುತ್ತದೆ.

ಚುಕ್ಕೆಯ ಗಾತ್ರವನ್ನು ಎಂಒಎ ಅನ್ನುವ ಅಳತೆಯಲ್ಲಿ ಹೇಳುತ್ತಾರೆ. ಒಂದು ಡಿಗ್ರಿಯ 60ನೇ ಒಂದು ಭಾಗ. 100 ಮೀಟರಿಗೆ ಸುಮಾರು 2.9 ಸೆಂಟಿಮೀಟರ್. ಇದನ್ನು ತೋಟದ ಲೆಕ್ಕಕ್ಕೆ ತರೋಣ. ಅಡಿಕೆ ಸಸಿ ಇಡುವ ಶಿಫಾರಸಿನ ಅಂತರ 2.7 ಮೀಟರ್, ನಮ್ಮ ಹಿರಿಯರ ಒಂಬತ್ತು ಅಡಿ. ನಿಮ್ಮದು ಸಾಲು ಹಿಡಿದು ಇಟ್ಟ ತೋಟವಾದರೆ ಹತ್ತು ಸಾಲು ಅಂದರೆ 27 ಮೀಟರ್. ಇಷ್ಟು ಒಳ್ಳೆಯ ಅಳತೆಗೋಲು ಬೇರೆ ಬೇಕಾ? ಆ 27 ಮೀಟರಿನಲ್ಲಿ 3 ಎಂಒಎ ಚುಕ್ಕೆ ಸುಮಾರು 2.4 ಸೆಂಟಿಮೀಟರ್ ಜಾಗ ಮುಚ್ಚುತ್ತದೆ. ಒಂದು ಚಾಲಿ ಅಡಿಕೆಯಷ್ಟು. 6 ಎಂಒಎ ಆದರೆ ಅದರ ಎರಡರಷ್ಟು. ಹಂದಿಯ ಮುಂಗಾಲಿನ ಹಿಂದೆ ಹಿಡಿಯುವ ಗುರಿಗೆ ಎರಡೂ ನಡೆಯುತ್ತದೆ. ವಯಸ್ಸಾದ ಕಣ್ಣಿಗೆ ದೊಡ್ಡ ಚುಕ್ಕೆ ಬೇಗ ಸಿಗುತ್ತದೆ, ಬೆಳಕನ್ನೂ ಕಡಿಮೆ ಇಡಬಹುದು. ನಿಮ್ಮದು 40 ಮೀಟರಿನೊಳಗಿನ ಕೆಲಸ. ನಾನಾದರೆ 4ರಿಂದ 6ರ ಒಳಗಿನದ್ದು ತೆಗೆದುಕೊಳ್ಳುತ್ತೇನೆ. ಹಸಿರು ಚುಕ್ಕೆಯದ್ದೂ ಸಿಗುತ್ತದೆ. ಅಡಿಕೆ ತೋಟದಲ್ಲಿ ಹಸಿರಿಗೇನು ಬರವಾ? ಕೆಂಪೇ ಇರಲಿ. ಕೆಂಪು ಸರಿಯಾಗಿ ಗುರುತಿಸಲಾಗದ ಕಣ್ಣಿದ್ದವರು ಮಾತ್ರ ಹಸಿರಿಗೆ ಹೋಗಬೇಕು.

ಇನ್ನು, 2 ಸಾವಿರದ್ದು ಆಗುತ್ತದಾ? ಆಗುವುದಿಲ್ಲ. ಅವುಗಳಲ್ಲಿ ಹೆಚ್ಚಿನವು ಪ್ಲಾಸ್ಟಿಕ್ ಗುಂಡಿನ ಆಟದ ಕೋವಿಗಳಿಗೆ ಮಾಡಿದವು. ಅಂಥದ್ದೊಂದನ್ನು ನಾನು ಗೆಳೆಯರ ಒಂಟಿನಳಿಗೆಗೆ ಹಾಕಿ ನೋಡಿದ್ದೇನೆ. ನಾಲ್ಕನೇ ಈಡಿಗೆ ಚುಕ್ಕೆ ಆರಿತು. ಡಬ್ಬಿ ಅಲ್ಲಾಡಿಸಿದರೆ ಹತ್ತುತ್ತದೆ, ಬಿಟ್ಟರೆ ಆರುತ್ತದೆ. ಒಳಗಿನ ಸೆಲ್ಲು ಒದೆತಕ್ಕೆ ಕುಣಿದು ಸ್ಪ್ರಿಂಗನ್ನು ಬಾಗಿಸಿತ್ತು. ಹಾಗಂತ 40 ಸಾವಿರದ್ದೇ ಬೇಕು ಅಂತಲೂ ಅಲ್ಲ. 12 ಬೋರಿನ ಒದೆತ ತಡೆಯುತ್ತದೆ ಅಂತ ಕಂಪನಿ ಬರೆದು ಕೊಟ್ಟಿರಬೇಕು, ವಾರಂಟಿ ಇರಬೇಕು, ಲೋಹದ ಮೈ ಇರಬೇಕು. ಇಷ್ಟು ಇದ್ದರೆ ನಡುವಿನ ಬೆಲೆಯದ್ದು ಸಾಕು.

ಕೊಳ್ಳುವಾಗ ಇನ್ನೆರಡು ಪರೀಕ್ಷೆ. ಸೈಟನ್ನು ಗಟ್ಟಿಯಾಗಿ ಇಟ್ಟು ದೂರದ ಮೊಬೈಲ್ ಟವರಿನ ತುದಿಗೆ ಚುಕ್ಕೆ ಹಿಡಿಯಿರಿ. ಈಗ ತಲೆಯನ್ನು ಮಾತ್ರ ಆಚೆ ಈಚೆ ಸರಿಸಿ. ಚುಕ್ಕೆ ಕಿಟಕಿಯೊಳಗೆ ಓಡಾಡುತ್ತದೆ, ಅದು ಸಹಜ. ಟವರಿನ ತುದಿ ಬಿಟ್ಟು ಹೋಗಬಾರದು. ಕಿಟಕಿಯ ಅಂಚಿನಲ್ಲಿ ಕೂದಲೆಳೆಯಷ್ಟು ಜಾರಿದರೆ ತೊಂದರೆ ಇಲ್ಲ, ಎಲ್ಲದರಲ್ಲೂ ಅಷ್ಟು ಇರುತ್ತದೆ. ಎರಡನೆಯದು: ಚುಕ್ಕೆ ಎಲ್ಲಿದೆ ಅಂತ ಗುರುತಿಟ್ಟು ಸ್ಕ್ರೂವನ್ನು 20 ಕ್ಲಿಕ್ ಮೇಲೆ, 20 ಬಲಕ್ಕೆ, 20 ಕೆಳಗೆ, 20 ಎಡಕ್ಕೆ ತಿರುಗಿಸಿ. ಚೌಕಾಕಾರ ಸುತ್ತಿ ಹೊರಟಲ್ಲಿಗೇ ಬರಬೇಕು. ಬಾರದಿದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ.

ಸೈಟು ಆಯ್ಕೆ ಮಾಡುವುದು ಇದರಲ್ಲಿ ಸುಲಭದ ಕೆಲಸ. ನಿಮ್ಮ ಕೋವಿಗೆ ಕೂರಿಸುವುದು ಕಷ್ಟದ್ದು. ಈಗಿನ ಪಂಪ್ ಆಕ್ಷನ್ ಕೋವಿಗಳಲ್ಲಿ ಎಷ್ಟೋ ಮಾದರಿಗೆ ಕಂಪನಿಯವರೇ ಮೇಲೆ ತೂತು ಕೊರೆದು ಹಲ್ಲುಹಲ್ಲಿನ ರೈಲು ಕೂರಿಸಲು ಜಾಗ ಮಾಡಿರುತ್ತಾರೆ. ಅಪ್ಪನ ಕಾಲದ ಅಕ್ಕಪಕ್ಕದ ಜೋಡುನಳಿಗೆಯಲ್ಲಿ ಅದೆಲ್ಲ ಎಲ್ಲಿಂದ ಬರಬೇಕು? ಎರಡು ನಳಿಗೆಗಳ ನಡುವೆ ತೆಳ್ಳಗಿನ ರಿಬ್ಬು, ಅಂದರೆ ಉದ್ದನೆಯ ಲೋಹದ ಪಟ್ಟಿ, ಇರುತ್ತದೆ. ಅದನ್ನು ನಳಿಗೆಗಳಿಗೆ ಬೆಸುಗೆ ಹಾಕಿ ಕೂರಿಸಿರುತ್ತಾರೆ. ಲೇತಿನವರು "ಎರಡು ತೂತು ಕೊರೆದು ಸ್ಕ್ರೂವಿನ ಮರೆ ಹಾಕಿ ಕೊಡುವಾ" ಅನ್ನಬಹುದು. ಒಪ್ಪಲೇಬೇಡಿ. ಒಂದನೆಯದು, ನಳಿಗೆಯ ಗೋಡೆ ಅಲ್ಲಿ ಎಷ್ಟು ದಪ್ಪ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ. ಡ್ರಿಲ್ಲು ಒಂದು ಮಿಲಿಮೀಟರ್ ಜಾಸ್ತಿ ಇಳಿದರೆ ಮುಂದಿನ ತೋಟೆಯ ಒತ್ತಡಕ್ಕೆ ನಳಿಗೆ ನಿಮ್ಮ ಎಡಗೈಯ ಹತ್ತಿರ ಸೀಳಬಹುದು. ಎರಡನೆಯದು, 1959ರ ಶಸ್ತ್ರ ಕಾಯ್ದೆಯ ಪ್ರಕಾರ ಕೋವಿ ರಿಪೇರಿಗೂ ಲೈಸನ್ಸ್ ಬೇಕು. ಲೇತಿನವರ ಹತ್ತಿರ ಅದು ಇರುವುದಿಲ್ಲ. ಸಿಕ್ಕಿಬೀಳುವುದು ಅವರೂ ನೀವೂ.

ಕೊರೆಯದೆ ಬಿಗಿಯುವ ಕ್ಲಾಂಪ್ ಮೌಂಟ್ ಒಂದೇ ದಾರಿ. ರೆಡ್ ಡಾಟಿಗೆ ಇಲ್ಲೊಂದು ಅನುಕೂಲ ಇದೆ. ಕಣ್ಣಿನಿಂದ ಇಷ್ಟೇ ದೂರ ಇರಬೇಕು ಅಂತ ಇಲ್ಲ. ಒಂದು ಗೇಣು ಹಿಂದೆಯೂ ಇರಲಿ, ಮೊಳದಷ್ಟು ಮುಂದೆಯೂ ಇರಲಿ, ಚುಕ್ಕೆ ಅದೇ ಚುಕ್ಕೆ. ಕಿಟಕಿ ಚಿಕ್ಕದಾಗಿ ಕಾಣುತ್ತದೆ, ಅಷ್ಟೇ. ಹಾಗಾಗಿ ರಿಬ್ಬಿನ ಮೇಲೆ ಎಲ್ಲಿ ಗಟ್ಟಿ ಹಿಡಿತ ಸಿಗುತ್ತದೋ ಅಲ್ಲಿ ಕೂರಿಸಬಹುದು. ಈ ಕೆಲಸವನ್ನು ಲೈಸನ್ಸ್ ಇರುವ ಕೋವಿ ಅಂಗಡಿಯ ಮಿಸ್ತ್ರಿಯಿಂದಲೇ ಮಾಡಿಸಿ, ಬಿಲ್ಲು ತೆಗೆದುಕೊಳ್ಳಿ. ಒಮ್ಮೆ ವಿದ್ಯಾನಗರದ ಕಲೆಕ್ಟರೇಟಿಗೆ ಹೋದಾಗ ಲೈಸನ್ಸ್ ವಿಭಾಗದಲ್ಲೂ ಒಂದು ಮಾತು ಕೇಳಿಬಿಡಿ. ಕೋವಿಯ ವಿಷಯದಲ್ಲಿ ಮೊದಲು ಕೇಳಿದವನು ಆಮೇಲೆ ಓಡಾಡುವುದಿಲ್ಲ.

ಸ್ಕ್ರೂಗಳಿಗೆ ಸಡಿಲವಾಗದ ಹಾಗೆ ಹಾಕುವ ನೀಲಿ ಅಂಟು ಒಂದು ತೊಟ್ಟು ಹಾಕಿಸಿ. ಕೆಂಪು ಬೇಡ, ಅದು ಕಾಯಿಸದೆ ಬಿಡುವುದಿಲ್ಲ. ಬಿಗಿದ ಮೇಲೆ ಸ್ಕ್ರೂವಿನ ತಲೆಯಿಂದ ಮೌಂಟಿನವರೆಗೆ ಉಗುರು ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ಒಡೆದಿದ್ದರೆ ಸ್ಕ್ರೂ ತಿರುಗಿದೆ ಅಂತ ಅರ್ಥ. ಮಗಳ ಹತ್ತಿರ ಒಂದು ಶೀಶೆ ಇದ್ದೇ ಇರುತ್ತದೆ.

ಇನ್ನೊಂದು ತೊಡಕು ಕೆನ್ನೆಯದ್ದು. ಹಳೆಯ ಕೋವಿಯ ಹಿಂದಿನ ಮರ ಕೆಳಕ್ಕೆ ಬಾಗಿರುತ್ತದೆ. ಕೆನ್ನೆ ಒತ್ತಿದರೆ ಕಣ್ಣು ಸೀದಾ ಮಣಿಗೆ ಬರಲಿ ಅಂತ ಮಾಡಿದ ಅಳತೆ ಅದು. ಈಗ ಸೈಟು ಮೂರು ನಾಲ್ಕು ಸೆಂಟಿಮೀಟರ್ ಮೇಲೆ ಕೂತಿತು. ಚುಕ್ಕೆ ಹುಡುಕಲು ನೀವು ತಲೆ ಎತ್ತುತ್ತೀರಿ, ಕೆನ್ನೆ ಮರದಿಂದ ಏಳುತ್ತದೆ. ಈಡು ಬಿಟ್ಟಾಗ ಮರ ಬಂದು ಕೆನ್ನೆಗೆ ಕೊಡುತ್ತದೆ, ಗುರಿಯೂ ಪ್ರತಿ ಸಲ ಬೇರೆ. ಹಾಗಾಗಿ ಆದಷ್ಟು ತಗ್ಗಿನ ಮೌಂಟ್ ಹುಡುಕಿ. ಮರದ ಮೇಲೆ ಕೆನ್ನೆ ತಾಗುವಲ್ಲಿ ಫೋಮು ಸುತ್ತಿ ಚರ್ಮದ ಪಟ್ಟಿ ಕಟ್ಟಿ. ಸರಿಯಾಯಿತಾ ಅಂತ ನೋಡುವುದು ಹೀಗೆ: ಖಾಲಿ ಕೋವಿ, ತೋಟೆ ಇಲ್ಲ ಅಂತ ಎರಡು ಸಲ ತೆರೆದು ನೋಡಿದ ಮೇಲೆ, ಕಣ್ಣು ಮುಚ್ಚಿ ಭುಜಕ್ಕೆ ತನ್ನಿ. ಕೆನ್ನೆ ಇಡಿ. ಕಣ್ಣು ಬಿಡಿ. ಚುಕ್ಕೆ ಕಿಟಕಿಯಲ್ಲಿ ಇರಬೇಕು. ಹುಡುಕಬೇಕಾಗಿ ಬಂದರೆ ಫೋಮಿನ ದಪ್ಪ ಸರಿ ಇಲ್ಲ. ಇದನ್ನು ದಿನಕ್ಕೆ ಇಪ್ಪತ್ತು ಸಲದ ಹಾಗೆ ಎರಡು ವಾರ ಮಾಡಿ. ಒಂದು ತೋಟೆಯ ಖರ್ಚಿಲ್ಲದೆ ಅರ್ಧ ಕಲಿತಿರುತ್ತೀರಿ.

ಆಮೇಲೆ ಜೀರೋ ಮಾಡುವುದು. ಅಂದರೆ ಚುಕ್ಕೆ ಇರುವಲ್ಲೇ ಈಡು ಬೀಳುವ ಹಾಗೆ ಹೊಂದಿಸುವುದು. ಇದನ್ನು ಅಂಗಳದಲ್ಲಿ, ತೋಟದಲ್ಲಿ ಸುಮ್ನೆ ಮಾಡಬೇಡಿ. ರೈಫಲ್ ಅಸೋಸಿಯೇಶನ್ನಿನವರ ಅನುಮತಿ ಪಡೆದು ರೇಂಜಿನಲ್ಲಿ ಮಾಡಿ. ಬಿಟ್ಟುಹೋದ ಕೆಂಪುಕಲ್ಲಿನ ಪಣೆಗಳು ಬೇಕಾದಷ್ಟಿವೆ, ಅಲ್ಲೇ ಬಿಟ್ಟರಾಯಿತು ಅನ್ನುವವರಿದ್ದಾರೆ. ಕತ್ತರಿಸಿದ ಕಲ್ಲಿನ ಗೋಡೆಗೆ ಬಿದ್ದ ಸೀಸ ಯಾವ ಕಡೆ ಹಾರುತ್ತದೆ ಅಂತ ಯಾರೂ ಹೇಳಲಾಗದು. ಹಿಂದೆ ಮೆತ್ತನೆಯ ಮಣ್ಣಿನ ದಿಬ್ಬ ಬೇಕು.

ಕಾಗದ ಅಂಟಿಸಲು ಒಣಗಿದ ಅಡಿಕೆ ಹಾಳೆ ಬಹಳ ಒಳ್ಳೆಯದು, ಹರಿದು ಚಿಂದಿಯಾಗುವುದಿಲ್ಲ. ಕೋವಿಯನ್ನು ಮರಳು ತುಂಬಿದ ಚೀಲದ ಮೇಲಿಡಿ. ನಳಿಗೆ ಚೀಲಕ್ಕೆ ತಾಗಬಾರದು, ಕೈ ಹಿಡಿಯುವ ಮರ ತಾಗಲಿ. ಮೊದಲು 10 ಮೀಟರಿನಿಂದ ಒಂದು ಈಡು, ಕಾಗದದ ಮೇಲೆ ಬೀಳುತ್ತದಾ ಅಂತ ನೋಡಲು. ಆಮೇಲೆ 25 ಮೀಟರಿಗೆ ಹೋಗಿ. ಹಂದಿಗೆ ಯಾವ ತೋಟೆ ಹಾಕುತ್ತೀರೋ ಅದೇ ತೋಟೆ ಇಲ್ಲೂ ಹಾಕಬೇಕು. ಎಲ್‌ಜಿಯಲ್ಲಿ, ಅಂದರೆ ದಪ್ಪ ಚರೆಗಳ ತೋಟೆಯಲ್ಲಿ, ಹೊಂದಿಸಿ ಒಂಟಿಗುಂಡಿನಲ್ಲಿ ಹೊಡೆದರೆ ಲೆಕ್ಕ ಬೇರೆಯಾಗುತ್ತದೆ. ಒಂದು ಈಡು ನೋಡಿ ಸ್ಕ್ರೂ ತಿರುಗಿಸಬೇಡಿ. ಮೂರು ಬಿಡಿ, ಮೂರರ ನಡುವನ್ನು ಹಿಡಿಯಿರಿ. ನಡುವು ಗುರಿಗಿಂತ 6 ಸೆಂಟಿಮೀಟರ್ ಕೆಳಗಿದೆ ಅನ್ನೋಣ. ನಿಮ್ಮ ಸೈಟಿನಲ್ಲಿ ಒಂದು ಕ್ಲಿಕ್ ಅಂದರೆ 1 ಎಂಒಎ ಆದರೆ 25 ಮೀಟರಿನಲ್ಲಿ ಅದು 0.7 ಸೆಂಟಿಮೀಟರಿಗೆ ಸ್ವಲ್ಪ ಜಾಸ್ತಿ. ಎಂಟು ಕ್ಲಿಕ್ ಮೇಲಕ್ಕೆ. ಬಾಣದ ಗುರುತು ತೋರಿಸುವುದು ಈಡು ಹೋಗುವ ದಿಕ್ಕನ್ನು, ಚುಕ್ಕೆ ಹೋಗುವ ದಿಕ್ಕನ್ನಲ್ಲ. ಇಲ್ಲಿ ಎಲ್ಲರೂ ಒಮ್ಮೆ ಎಡವುತ್ತಾರೆ.

ಜೋಡುನಳಿಗೆಯ ಸ್ವಭಾವ ನಿಮಗೆ ಗೊತ್ತಿರಬೇಕು. ಎರಡು ನಳಿಗೆಗಳೂ ನೇರ ಸಮಾನಾಂತರ ಅಲ್ಲ. ಮುಂದೆ ಹೋಗುತ್ತಾ ಒಂದಕ್ಕೊಂದು ಹತ್ತಿರ ಬರುವ ಹಾಗೆ ಜೋಡಿಸಿರುತ್ತಾರೆ. ಮಾಡಿದವನ ಲೆಕ್ಕಕ್ಕಿಂತ ಬೇರೆ ತೋಟೆ ಹಾಕಿದರೆ ಎರಡರ ಈಡೂ ಒಂದೇ ಕಡೆ ಬೀಳುವುದಿಲ್ಲ. ಚುಕ್ಕೆ ಇರುವುದು ಒಂದೇ. ಹಾಗಾಗಿ ಮೊದಲು ಎಳೆಯುವ ಟ್ರಿಗರಿನ ನಳಿಗೆಗೆ, ಸಾಮಾನ್ಯವಾಗಿ ಬಲದ್ದಕ್ಕೆ, ಜೀರೋ ಮಾಡಿ. ಆಮೇಲೆ ಸ್ಕ್ರೂ ಮುಟ್ಟದೆ ಎಡದಿಂದ ಮೂರು ಈಡು ಬಿಟ್ಟು ಅದು ಎಲ್ಲಿ ಬೀಳುತ್ತದೆ ಅಂತ ಬರೆದಿಟ್ಟುಕೊಳ್ಳಿ. ಒಂದು ಅಂಗೈಯಷ್ಟು ಆಚೆ ಬಿದ್ದರೆ ಎರಡನೇ ಈಡನ್ನು ಮರೆತುಬಿಡುವುದು ಒಳ್ಳೆಯದು. ಮಣಿಯ ಕಾಲದಲ್ಲೂ ಈ ವ್ಯತ್ಯಾಸ ಇತ್ತು, ಮಣಿಯ ದಪ್ಪದಲ್ಲಿ ಅಡಗಿತ್ತು. ಚುಕ್ಕೆ ಅದನ್ನು ಬಯಲಿಗೆ ತರುತ್ತದೆ.

ಬಹಳ ಹತ್ತಿರದಲ್ಲಿ, ನಾಲ್ಕೈದು ಮೀಟರಿನಲ್ಲಿ, ಈಡು ಚುಕ್ಕೆಗಿಂತ ಮೂರು ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಸೈಟು ನಳಿಗೆಗಿಂತ ಮೇಲಿದೆಯಲ್ಲ, ಅದಕ್ಕೆ. ಆದರೆ ಗಾಯಗೊಂಡ ಹಂದಿಯ ಅಷ್ಟು ಹತ್ತಿರ ನೀವು ಹೋಗಲೇಬಾರದು.

ರಾತ್ರಿಯ ಬೆಳಕಿನ ಬಗ್ಗೆ ಒಂದು ಮಾತು. ಸಂಜೆ ಜಗಲಿಯಲ್ಲಿ ಕೂತು ಬೆಳಕು ಹೊಂದಿಸಿದರೆ ತೋಟದ ಕತ್ತಲೆಯಲ್ಲಿ ಅದು ಕೆಂಡದ ಹಾಗೆ ಉರಿಯುತ್ತದೆ. ಚುಕ್ಕೆ ಕಾಣುತ್ತದೆ, ಹಂದಿ ಕಾಣುವುದಿಲ್ಲ. ಕತ್ತಲೆಗೆ ತಕ್ಕ ಹಾಗೆ ಇಳಿಸಿಟ್ಟರೆ ಜತೆಗಿದ್ದವರು ಟಾರ್ಚು ಹಾಕಿದ ಕೂಡಲೇ ಚುಕ್ಕೆ ಮಾಯ. ಟಾರ್ಚು ಹೊತ್ತಿಸಿ, ಆ ಬೆಳಕು ಬಿದ್ದ ಅಡಿಕೆ ಮರದ ಬುಡಕ್ಕೆ ಹಿಡಿದು, ಕಾಣಿಸಿಯೂ ಕುಕ್ಕದಷ್ಟಕ್ಕೆ ನಿಲ್ಲಿಸಿ. ಎಷ್ಟನೇ ಮೆಟ್ಟಿಲು ಅಂತ ನೆನಪಿಡಿ. ಈ ಚುಕ್ಕೆ ನಿಮ್ಮ ನಳಿಗೆ ಯಾವ ಕಡೆ ಇದೆ ಅಂತ ಮಾತ್ರ ಹೇಳುತ್ತದೆ. ಅಲ್ಲಿರುವುದು ಹಂದಿಯಾ, ಆಚೆಮನೆಯ ದನವಾ, ಪಂಪ್ ಬಂದ್ ಮಾಡಲು ಬಂದ ಕೆಲಸದವರಾ ಅಂತ ಅದು ಹೇಳುವುದಿಲ್ಲ. ಅದನ್ನು ಟಾರ್ಚಿನಲ್ಲೇ ನೋಡಬೇಕು, ಹಿಂದೆ ಏನಿದೆ ಅಂತಲೂ ನೋಡಬೇಕು. ಟಾರ್ಚನ್ನು ಕೋವಿಗೆ ಕಟ್ಟಬೇಡಿ, ಬೇರೆಯವರ ಕೈಯಲ್ಲಿರಲಿ. ಕೋವಿಗೆ ಕಟ್ಟಿದರೆ ನೋಡುವ ನೆಪದಲ್ಲಿ ನಳಿಗೆ ಎಲ್ಲರ ಕಡೆಗೂ ತಿರುಗುತ್ತದೆ.

ಸೆಲ್ಲು ಹೆಚ್ಚಾಗಿ ಸಿಆರ್ 2032, ಕಂಪ್ಯೂಟರ್ ಅಂಗಡಿಯಲ್ಲಿ ಸಿಗುವ ರೂಪಾಯಿ ಬಿಲ್ಲೆಯಂಥದ್ದು. ಒಳ್ಳೆಯ ಸೈಟುಗಳಲ್ಲಿ ಕೆಲವು 50,000 ಗಂಟೆ ಉರಿಯುತ್ತವೆ. ಅಗ್ಗದವು ಕೆಲವು ನೂರು ಗಂಟೆಗೆ ಮುಗಿಯುತ್ತವೆ. ಪ್ರತಿ ವರ್ಷ ಮಳೆಗಾಲದ ಮುಂಚೆ ಒಂದು ದಿನ ಗೊತ್ತು ಮಾಡಿ ಬದಲಿಸಿಬಿಡಿ. ಚುನಾವಣೆ ಬಂದು ಕೋವಿ ಠಾಣೆಗೆ ಕೊಡಬೇಕಾದಾಗ ಸೈಟನ್ನು ಬಿಚ್ಚಿ ಮನೆಯಲ್ಲೇ ಇಡಿ. ವಾಪಸು ಹಾಕಿದ ಮೇಲೆ ಮೂರು ಈಡಿನ ಪರೀಕ್ಷೆ ಇನ್ನೊಮ್ಮೆ ಆಗಬೇಕು. ಹೊತ್ತಿಗೆ ಸರಿಯಾಗಿ ಚುಕ್ಕೆ ಆರಿದರೆ, 15 ಮೀಟರಿನೊಳಗಾದರೆ ಹಂದಿಯ ಭುಜವನ್ನು ಕಿಟಕಿಯ ನಡುವಿಗೆ ತಂದು ಬಿಡಬಹುದು. ಅದಕ್ಕಿಂತ ದೂರ ಇದ್ದರೆ ಬಿಡಬೇಡಿ.

ಕಾನೂನು ನಿಮಗೆ ಗೊತ್ತಿದೆ ಅಂದುಕೊಂಡಿದ್ದೇನೆ. 2022ರ ಮೇ ತಿಂಗಳಿಂದ ಕೇರಳದಲ್ಲಿ ಹಂದಿ ಹೊಡೆಯಲು ಆದೇಶ ಕೊಡುವ ಅಧಿಕಾರ ಪಂಚಾಯತು ಅಧ್ಯಕ್ಷರಿಗೂ ಬಂತು. ಆದರೆ ಪಟ್ಟಿಯಲ್ಲಿ ಹೆಸರು ಇದೆ ಅಂತ ಇಷ್ಟ ಬಂದಾಗ ಹೊಡೆಯುವ ಹಾಗಿಲ್ಲ, ಆದೇಶ ಬೇಕು. ಮರಿಗೆ ಹಾಲು ಕುಡಿಸುತ್ತಿರುವ ಹೆಣ್ಣು ಹಂದಿಯ ಬಗ್ಗೆ ಎಚ್ಚರ ಬೇಕು, ಸತ್ತದ್ದನ್ನು ಹೂಳಬೇಕು. ಕಾಗದ ಮಲಯಾಳದಲ್ಲೇ ಬರುತ್ತದೆ. ಅರ್ಥವಾಗದಿದ್ದರೆ ಓದಿಸಿಕೊಳ್ಳಿ, ಅಂದಾಜಿನಲ್ಲಿ ಹೋಗಬೇಡಿ. ಮಂಗ, ನವಿಲಿನ ಕಡೆ ಚುಕ್ಕೆ ತಿರುಗಲೇಬಾರದು.

ಮಗಳ ರೈಫಲಿಗೆ ಬೇಡ. 10 ಮೀಟರ್ ಏರ್ ರೈಫಲಿನ ಅಂತರರಾಷ್ಟ್ರೀಯ ನಿಯಮದಲ್ಲಿ ಎಲೆಕ್ಟ್ರಾನಿಕ್ ಚುಕ್ಕೆಗೆ, ಟೆಲಿಸ್ಕೋಪಿಗೆ ಜಾಗ ಇಲ್ಲ. ಹಿಂದೊಂದು ಸಣ್ಣ ತೂತು, ಮುಂದೊಂದು ಬಳೆ, ಅಷ್ಟೇ. ಇದ್ದಿದ್ದರೂ ಉಪಯೋಗ ಇರಲಿಲ್ಲ. ಆ ಟಾರ್ಗೆಟ್ಟಿನಲ್ಲಿ ಹತ್ತರ ಗುರುತು ಬರೀ 0.5 ಮಿಲಿಮೀಟರ್. 3 ಎಂಒಎ ಚುಕ್ಕೆ 10 ಮೀಟರಿನಲ್ಲಿ ಸುಮಾರು 9 ಮಿಲಿಮೀಟರ್ ಮುಚ್ಚುತ್ತದೆ. ಹತ್ತು ಎಲ್ಲಿ, ಒಂಬತ್ತು ಎಲ್ಲಿ ಅಂತಲೇ ಕಾಣದು. ಅವಳು ಕಲಿಯುತ್ತಿರುವುದು ನಿಮ್ಮದಕ್ಕಿಂತ ಕಷ್ಟದ ವಿದ್ಯೆ. ಮನೆಯಲ್ಲಿ ಸ್ಪ್ರಿಂಗಿನ ಹಳೆಯ ಏರ್‌ಗನ್ ಇದ್ದು ಅದಕ್ಕೆ ಹಾಕುವ ಯೋಚನೆ ಇದ್ದರೂ ನಿಧಾನಿಸಿ. ಅದು ಹಿಂದಕ್ಕೆ ಒದ್ದು ತಕ್ಷಣ ಮುಂದಕ್ಕೂ ಎಳೆಯುತ್ತದೆ. 12 ಬೋರು ತಡೆದ ಸೈಟೂ ಅದರಲ್ಲಿ ಸಡಿಲವಾದದ್ದುಂಟು.

ಅಳಿಯನಿಗೆ ಆರ್ಡರ್ ಹಾಕಲು ಹೇಳುವ ಮುಂಚೆ ಒಂದು ಕೆಲಸ ಮಾಡಿ. ಕೋವಿ ಖಾಲಿ ಮಾಡಿ ಮೇಜಿನ ಮೇಲಿಟ್ಟು ರಿಬ್ಬಿನ ಅಗಲವನ್ನು ವರ್ನಿಯರಿನಲ್ಲಿ ಮೂರು ಕಡೆ ಅಳೆಯಿರಿ: ಬುಡದಲ್ಲಿ, ನಡುವೆ, ತುದಿಯಲ್ಲಿ. ಹಳೆಯ ಕೋವಿಗಳಲ್ಲಿ ಅದು ಬುಡದಿಂದ ತುದಿಗೆ ಕಿರಿದಾಗುತ್ತಾ ಹೋಗುತ್ತದೆ. ಮೂರೂ ಅಂಕೆ ಮತ್ತು ಮೇಲಿನಿಂದ ತೆಗೆದ ಒಂದು ಫೋಟೋ ಕಳಿಸಿ. ಯಾವ ಮೌಂಟ್ ಹಿಡಿಯುತ್ತದೆ ಅಂತ ನೋಡಿ ಹೇಳುತ್ತೇನೆ. ಯಾವುದೂ ಹಿಡಿಯದಿದ್ದರೆ ಸೈಟಿನ ಮಾತೇ ಬೇಡ. ಸಿಲಿಂಡರ್ ಪವರಿನ ಕನ್ನಡಕ ಮಾಡಿಸಿ, ಮಣಿಗೆ ಬಿಳಿ ಬಣ್ಣ ಬಳಿದುಕೊಳ್ಳಿ.